ಹೆಸರಿಲ್ಲದ ಲಗ್ನಪತ್ರಿಕೆ

ಬೆಳಗಾವಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿದ ಗುರುಪುತ್ರಪ್ಪನವರು, ಅವುಗಳ ಹೊಟ್ಟೆಯಲ್ಲಿ ಏನಿದೆಯೆಂದು ಒಮ್ಮೆಯೂ ತೆರೆದು ನೋಡಿದವರಲ್ಲ. ಆದರೂ ನೆಹರು ನಗರದ ಅವರ ಗಲ್ಲಿಯಲ್ಲಿ ಅವರಿಗೆ ಪಂಡಿತರೆಂಬ ಹೆಸರು ನಿಂತುಬಿಟ್ಟಿತ್ತು. ಯಾರು ಏನೇ ಕೇಳಲಿ, ಅವರು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಮೂಗಿನ ಮೇಲೇರಿಸಿ, “ನೋಡೂಣು” ಎನ್ನುತ್ತಿದ್ದರು. ಹೌದು ಎಂದವನು ಕೆಲಸ ಮಾಡಬೇಕಾಗುತ್ತದೆ, ಇಲ್ಲ ಎಂದವನು ಜಗಳಾಡಬೇಕಾಗುತ್ತದೆ. ನೋಡೂಣು ಎಂದವನಿಗೆ ಎರಡೂ ತಾಪತ್ರಯವಿಲ್ಲ. ಈ ಒಂದು ಮಾತಿನ ಮೇಲೆ ಅವರು ನೌಕರಿಯನ್ನೂ ಸಂಸಾರವನ್ನೂ ಯಾವ ಅಪಘಾತವಿಲ್ಲದೆ ನಡೆಸಿಕೊಂಡು ಬಂದಿದ್ದರು.

1987ರ ಚಳಿಗಾಲದಲ್ಲಿ ಆ ಕಾಲೇಜಿನಲ್ಲಿ ಎರಡು ದಿನದ ವಿಚಾರ ಸಂಕಿರಣ ನಡೆಯಿತು. ವಿಷಯ, ಫ್ರಾನ್ಸ್ ದೇಶದ ಹೊಸ ತತ್ವಜ್ಞಾನಿಗಳು. ಆಧುನಿಕತೆ ಮುಗಿದು ಅದರ ಮುಂದಿನದು ಶುರುವಾಗಿದೆಯೆಂದು ತಿಳಿಸಲು ಪುಣೆಯಿಂದ ಗಡ್ಡದ ಪ್ರೊಫೆಸರರೊಬ್ಬರು ಬಂದಿದ್ದರು. ನಮ್ಮ ಕಡೆ ಆಧುನಿಕತೆಯೇ ಆಗಿನ್ನೂ ಪೂರ್ತಿ ಬಂದು ಮುಟ್ಟಿರಲಿಲ್ಲ, ಆದರೆ ಊರಿಗೆ ಬಂದ ಅತಿಥಿಗಳಿಗೆ ಹಾಗೆನ್ನುವುದು ಮರ್ಯಾದೆಯಲ್ಲ. ಗುರುಪುತ್ರಪ್ಪನವರ ಪಾಲಿಗೆ ಬಂದ ಕೆಲಸ ಮೈಕು ಮತ್ತು ನೀರಿನ ಗ್ಲಾಸು. ಮುಂದಿನ ಸಾಲು ಖಾಲಿ ಕಾಣಬಾರದೆಂದು ಪ್ರಾಚಾರ್ಯರು ಅವರನ್ನೇ ಅಲ್ಲಿ ಕೂಡಿಸಿದರು. ಪ್ರೊಫೆಸರರ ಕಣ್ಣು ತಮ್ಮ ಮೇಲೆ ಬಿದ್ದಾಗಲೆಲ್ಲ ಗುರುಪುತ್ರಪ್ಪನವರು ತಲೆಯಾಡಿಸಿದರು. ಎರಡು ದಿನದಲ್ಲಿ ನಾಲ್ಕುನೂರು ಸಲವಾದರೂ ಆಡಿಸಿರಬೇಕು. ಕೊನೆಗೆ ಪ್ರೊಫೆಸರರು ವೇದಿಕೆಯಿಂದಿಳಿದು ಬಂದು, ಎಲ್ಲರೆದುರು ಅವರ ಕೈ ಹಿಡಿದು, “ಇಡೀ ಸಭೆಯಲ್ಲಿ ನನ್ನ ಮಾತು ಅರ್ಥವಾದದ್ದು ನಿಮಗೊಬ್ಬರಿಗೇ” ಎಂದುಬಿಟ್ಟರು. ಕೆಟ್ಟದ್ದು ಅಲ್ಲಿಯೇ.

ಅರ್ಥವಾಗಿದೆಯೆಂದು ಅಷ್ಟು ದೊಡ್ಡವರು ಹೇಳಿದ ಮೇಲೆ ಅರ್ಥವಾಗಿಲ್ಲವೆನ್ನಲು ತಾವು ಯಾರು? ಗುರುಪುತ್ರಪ್ಪನವರು ಒಂದು ನೋಟುಬುಕ್ಕು ಮಾಡಿದರು. ಆ ಪಂಡಿತರ ಹೆಸರುಗಳನ್ನು ಬರೆದಂತೆ ಓದುವ ಹಾಗಿಲ್ಲ, ಓದಿದಂತೆ ಬರೆಯುವ ಹಾಗಿಲ್ಲ. ಆದ್ದರಿಂದ ಒಂದನೇ ಸಾಹೇಬ, ಎರಡನೇ ಸಾಹೇಬ ಎಂದು ಇಲ್ಲಿಯೂ ನಂಬರು ಹಚ್ಚಿದರು. ಒಂದನೇ ಸಾಹೇಬ ಹೇಳುವುದೇನೆಂದರೆ, ಬರಹವೊಂದು ಹೊರಗೆ ಬಿದ್ದ ಕ್ಷಣವೇ ಅದನ್ನು ಬರೆದವನು ಲೆಕ್ಕಕ್ಕಿಲ್ಲ, ಸತ್ತಂತೆ. ಅರ್ಥ ಮಾಡುವ ಹಕ್ಕೆಲ್ಲ ಓದುವವನದು. ಎರಡನೇ ಸಾಹೇಬ ಒಂದು ಜೈಲಿನ ಮಾತು ಹೇಳುತ್ತಾನೆ. ನಡುವೆ ಗೋಪುರ, ಅದರಲ್ಲಿ ಕಾವಲುಗಾರ ಇದ್ದಾನೋ ಇಲ್ಲವೋ ಕೈದಿಗೆ ಕಾಣದು, ಹಾಗಾಗಿ ಕೈದಿಯೇ ತನ್ನನ್ನು ತಾನು ಕಾಯುತ್ತ ಕೂಡುತ್ತಾನೆ. ಮೂರನೇ ಸಾಹೇಬನ ಪ್ರಕಾರ ದೊಡ್ಡ ದೊಡ್ಡ ಕಥೆಗಳನ್ನು ಜನ ನಂಬುವ ಕಾಲ ಮುಗಿಯಿತು.

ಎರಡನೇ ಸಾಹೇಬನನ್ನು ಅವರು ಮರುದಿನವೇ ಪರೀಕ್ಷಿಸಿದರು. ಗ್ರಂಥಾಲಯದ ಮಂಜುಗಾಜಿನ ಕೋಣೆಯಲ್ಲಿ ಕುರ್ಚಿಗೆ ತಮ್ಮ ಕೋಟು ತೊಡಿಸಿ, ಮೇಲೆ ಟೊಪ್ಪಿಗೆ ಇಟ್ಟು, ಚಹಕ್ಕೆ ಹೋದರು. ಒಂದೂವರೆ ತಾಸು ಒಂದು ನೊಣ ಕೂಡ ಗುಂಯ್‌ಗುಡಲಿಲ್ಲ. ನಡುವೆ ಪ್ರಾಚಾರ್ಯರೇ ಬಂದು ಕೋಟಿಗೆ ನಮಸ್ಕಾರ ಹೇಳಿ ಹೋಗಿದ್ದರಂತೆ. ಗುರುಪುತ್ರಪ್ಪನವರ ವಿಶ್ವಾಸ ಆಕಾಶಕ್ಕೇರಿತು. ಫ್ರಾನ್ಸಿನವರು ಸುಮ್ಮನೆ ಮಾತಾಡುವ ಜನವಲ್ಲ ಎಂದು ಅವರಿಗೆ ಖಾತ್ರಿಯಾಯಿತು.

ಇತ್ತ ಮನೆಯಲ್ಲಿ ಮಗಳ ಲಗ್ನ ಗೊತ್ತಾಗಿತ್ತು. ಮಗಳು ಕಾಂತಾ ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ನರ್ಸು. ವರ ನಾಗಲಿಂಗ, ಗುಂಜಿ ರೈಲು ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ಗುಮಾಸ್ತ. ಒಳ್ಳೆಯ ಹುಡುಗ, ಎದುರಿಗೆ ಯಾರಿದ್ದರೂ “ಎಲ್ಲಿಗ್ರೀ?” ಎಂದು ಕೇಳುವುದನ್ನು ಬಿಟ್ಟರೆ ಬೇರೆ ದೋಷವಿರಲಿಲ್ಲ. ಅವನ ತಂದೆ ಸಿದ್ದಪ್ಪನವರದು ಖಾನಾಪುರದಲ್ಲಿ ಹಂಚಿನ ಭಟ್ಟಿ. ಭಟ್ಟಿಯಿಂದ ಹೊರಬೀಳುವ ಒಂದೊಂದು ಹಂಚಿನ ಬೆನ್ನ ಮೇಲೂ ಅವರ ಹೆಸರು ಒತ್ತಿರುತ್ತಿತ್ತು. ಅವರ ಮಾತೂ ಹಂಚಿನ ಹಾಗೆ, ಬೆಂದು ಗಟ್ಟಿಯಾದದ್ದು. ನಿಶ್ಚಯದ ದಿನ ಸಕ್ಕರೆ ಹಂಚಿಯಾದ ಮೇಲೆ ಅವರು ಹೇಳಿದರು:

“ಒಂದs ಮಾತ್ರೀ ಬೀಗರ. ಲಗ್ನಾದ ಮ್ಯಾಲ ಹುಡುಗಿ ನೌಕರಿ ಬಿಡಬೇಕು. ಹಗಲು ರಾತ್ರಿ ಪಾಳಿ ಮಾಡಿಕೋತ ಮಂದಿ ಕೈ ಕಾಲು ಹಿಡಿಯೂದು ನಮ್ಮ ಮನಿತನಕ್ಕ ಹೊಂದೂದಿಲ್ಲ.”

ಗುರುಪುತ್ರಪ್ಪನವರು ಕನ್ನಡಕ ಒರೆಸಿ, “ನೋಡೂಣು” ಎಂದರು.

ಸಂಜೆ ಕಾಂತಾ ತಂದೆಯನ್ನು ಹಿತ್ತಲಿಗೆ ಕರೆದಳು. “ಅಪ್ಪಾ, ಹುಡುಗ ನನಗ ಮನಸಿಗೆ ಬಂದಾನ. ಆದ್ರ ನೌಕರಿ ಬಿಡೂದಾದ್ರ ನಾ ಈ ಲಗ್ನ ಆಗೂದಿಲ್ಲ. ಮೂರು ವರ್ಸ ಕಷ್ಟಪಟ್ಟು ಕಲ್ತೀನಿ. ಲಗ್ನಕ್ಕ ಇನ್ನ ಒಂದು ತಿಂಗಳೈತಿ. ಅಷ್ಟರಾಗ ನೀ ಖಾನಾಪುರಕ್ಕ ಹೋಗಿ ಇದನ್ನ ಬಾಯಿ ಬಿಟ್ಟು ಹೇಳಿ ಬರಬೇಕು.”

ಮಗಳಿಗೂ ಅವರು “ನೋಡೂಣು” ಎಂದರು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಮಗಳೆಂದರೆ ಜೀವ, ಸಿದ್ದಪ್ಪನವರೆಂದರೆ ಭಯ, ಎರಡೂ ಒಂದೇ ಗಂಟಲಲ್ಲಿ ಸಿಕ್ಕಿಕೊಂಡಿದ್ದವು. ಖಾನಾಪುರದ ಬಸ್ಸು ದಿನಕ್ಕೆ ಇಪ್ಪತ್ತು ಸಲ ಅವರ ಕಣ್ಣೆದುರೇ ಹೋಗುತ್ತಿತ್ತು, ಅವರು ಹತ್ತಲಿಲ್ಲ.

ಇದರ ಮೇಲೆ ಲಗ್ನಪತ್ರಿಕೆಯ ರಗಳೆ ಬಂತು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರನ್ನು ಯಾರೂ ಓದುವುದಿಲ್ಲ. ಕೆಳಗಿನ ಯಾದಿಯಲ್ಲಿ ತನ್ನ ಹೆಸರು ಎಲ್ಲಿದೆ, ಯಾರ ಮೇಲಿದೆ, ಯಾರ ಕೆಳಗಿದೆ ಎಂಬುದನ್ನಷ್ಟೇ ಓದುತ್ತಾರೆ. ಗುರುಪುತ್ರಪ್ಪನವರ ಅಣ್ಣ ತಮ್ಮಣ್ಣ ಖಾನಾಪುರ ತಾಲೂಕಿನ ತಮ್ಮ ಹಳ್ಳಿಯಿಂದ ಇದಕ್ಕೆಂದೇ ಬಂದು ಕೂತರು.

“ಮ್ಯಾಲ ನನ್ನ ಹೆಸರು. ಬಾಜುಕ ಮಾಜಿ ಪಂಚಾಯತಿ ಮೆಂಬರ್ ಅಂತ ದಪ್ಪ ಅಕ್ಷರ. ನಮ್ಮ ಮುತ್ಯಾನ ಮುತ್ಯಾ ದೇಸಾಯರ ಕುದುರಿ ಮುಂದ ನಿಶಾನಿ ಹಿಡಿದು ನಡದಾಂವ. ಆ ಮನಿತನದ ಹಿರೇಮಗ ನಾನು.”

ಗುರುಪುತ್ರಪ್ಪನವರ ಹೆಂಡತಿ ಶಿವಬಸವ್ವ ಒಳಗಿನಿಂದ ಲಟ್ಟಣಿಗೆ ಹಿಡಿದೇ ಹೊರಬಂದರು. “ನಿಶಾನಿ ಹಿಡದಾಂವಗ ಹೆಣ್ಣು ಕೊಟ್ಟಾವರು ಯಾರ್ರೀ? ನನ್ನ ತವರಮನಿಯವರು ಹನ್ನೆರಡು ಮಂದಿ ಅದಾರ. ಒಂದು ಹೆಸರು ಬಿಟ್ರೂ ನಾ ಮಂಟಪಕ್ಕ ಬರಾಕಿ ಅಲ್ಲ.”

ಖಾನಾಪುರದಿಂದ ಸಿದ್ದಪ್ಪನವರೂ ತಮ್ಮ ಕಡೆಯ ಹತ್ತೊಂಬತ್ತು ಹೆಸರು ಕಳಿಸಿದ್ದರು. ಕೆಳಗೆ ‘ನಮ್ಮ ಕಾಂತಕ್ಕನ ಲಗ್ನಕ್ಕ ಮರೀದs ಬರ್ರಿ’ ಎನ್ನಬೇಕಾದ ಚಿಕ್ಕಮಕ್ಕಳು ಒಂಬತ್ತು. ಅದರಲ್ಲಿ ಒಂದು ಇನ್ನೂ ಹುಟ್ಟಿರಲಿಲ್ಲ, ಲಗ್ನದೊಳಗಾಗಿ ಹುಟ್ಟುತ್ತದೆಂದು ಭರವಸೆ ಕೊಟ್ಟಿದ್ದರು. ನಾಲ್ಕು ದಿನ ಮನೆಯಲ್ಲಿ ಈ ಯಾದಿಯ ಯುದ್ಧ ನಡೆಯಿತು. ಐದನೆಯ ದಿನ ಗುರುಪುತ್ರಪ್ಪನವರಿಗೆ ಥಟ್ಟನೆ ಒಂದನೇ ಸಾಹೇಬ ನೆನಪಾದ. ಪತ್ರಿಕೆ ಎಂದರೂ ಬರಹವೇ ಅಲ್ಲವೇ? ಬರೆದವನೇ ಇಲ್ಲದ ಮೇಲೆ ಅವನ ಅಣ್ಣನದೇನು, ಹೆಂಡತಿಯ ತವರಿನದೇನು, ಬೀಗರದೇನು? ಯಾರಿಗೂ ಇಲ್ಲ ಎನ್ನದೆ ಎಲ್ಲರ ಹೆಸರನ್ನೂ ತೆಗೆಯಬಹುದು. ಇಷ್ಟು ಧೈರ್ಯದ ಪುಕ್ಕಲುತನವನ್ನು ಬೆಳಗಾವಿ ಅದಕ್ಕಿಂತ ಮೊದಲು ನೋಡಿರಲಿಲ್ಲ.

“ಅಣ್ಣಾ, ದೊಡ್ಡ ಕಥಿಗಳ ಕಾಲ ಮುಗದೈತಿ” ಎಂದು ಮೂರನೇ ಸಾಹೇಬನನ್ನು ತಮ್ಮಣ್ಣನ ಮೇಲೆ ಎಸೆದು, ಅವರು ತೆರೆದ ಬಾಯಿ ಮುಚ್ಚುವುದರೊಳಗೆ ಸೈಕಲ್ಲು ಹತ್ತಿ ಪ್ರೆಸ್ಸಿಗೆ ಹೊರಟುಬಿಟ್ಟರು. ತಮ್ಮಣ್ಣ ಸಿಟ್ಟಿಗೆದ್ದು ಅಂದೇ ಊರಿಗೆ ಮರಳಿದರು.

ಪ್ರೆಸ್ಸಿನ ಪಾಂಡುರಂಗ ಮೂವತ್ತು ವರ್ಷದಿಂದ ಕನ್ನಡ, ಮರಾಠಿ ಎರಡರಲ್ಲಿಯೂ ಲಗ್ನ ಛಾಪಿಸಿದವನು. ಮಸೂದೆ ನೋಡಿ ಕಣ್ಣುಜ್ಜಿಕೊಂಡ. ಮೇಲೊಂದು ‘ಶ್ರೀ’, ನಾಗಲಿಂಗ, ಕಾಂತಾ, ತಾರೀಖು, ಖಾನಾಪುರದ ಮಂಟಪದ ವಿಳಾಸ. ಇಷ್ಟೇ. ಮಗಳು ಯಾರವಳು, ಕರೆಯುವವರು ಯಾರು, ಏನೂ ಇಲ್ಲ.

“ಅರೇ ದೇವಾ! ಗುರುಪುತ್ರಪ್ಪಣ್ಣಾ, ಯಜಮಾನನ ಹೆಸರು?”

“ಇಲ್ಲ.”

“ಮರ್ತಿ ಏನು?”

“ಮರ್ತಿಲ್ಲ, ತಗದೀನಿ. ಬರಹ ಹೊರಗ ಬಿದ್ದ ಮ್ಯಾಲ ಬರದಾಂವ ಸತ್ತಂಗ, ಪಾಂಡುರಂಗ.”

ಪಾಂಡುರಂಗ ಅಚ್ಚುಮೊಳೆ ಜೋಡಿಸುವ ಕೈ ನಿಲ್ಲಿಸಿದ. “ಹಂಗ ಅನಬ್ಯಾಡಪ್ಪಾ. ಹಿಂಗ ಹೆಸರಿಲ್ಲದ ಪತ್ರಿಕಾ ನಾ ಇಷ್ಟ ವರ್ಸದಾಗ ಎರಡs ಸಲ ಛಾಪಿಸೀನಿ. ಖರೇ ಹೇಳತೀನಿ, ಎರಡೂ ಸಲ ಹುಡುಗಿ ಅಪ್ಪ ಲಗ್ನ ಗೊತ್ತಾದ ಮ್ಯಾಲ ತೀರಿಕೊಂಡಿದ್ದ. ಯಾರ ಹೆಸರು ಹಾಕಬೇಕು ಅಂತ ಮನಿಯಾಗ ತಿಳೀಲಿಲ್ಲ, ತಗಸಿಬಿಟ್ರು. ಈ ಭಾಗದಾಗ ಹೆಸರಿಲ್ಲದ ಪತ್ರಿಕಾ ಬಂತಂದ್ರ ಮಂದಿ ಅದನ್ನ ಹಂಗs ಓದತಾರ.”

“ಓದಲಿ. ಓದೂ ಹಕ್ಕು ಅವರದs ಐತಿ” ಎಂದರು ಗುರುಪುತ್ರಪ್ಪನವರು, ಪೂರ್ಣ ಆತ್ಮವಿಶ್ವಾಸದಿಂದ.

ಮುನ್ನೂರು ಪತ್ರಿಕೆಗಳು ಅಂಚೆಗೆ ಬಿದ್ದವು. ಮೂರನೆಯ ದಿನ ಸಿದ್ದಪ್ಪನವರ ಕಾರ್ಡು ಬಂತು. ‘ಪತ್ರಿಕೆ ಮುಟ್ಟಿತು. ಯಜಮಾನರ ಹೆಸರೆಲ್ಲಿ? ಇದನ್ನು ಬರೆದವರಾರು? ಕೂಡಲೇ ತಿಳಿಸುವುದು.’ ಊರಿಗೆ ಹೋಗಿದ್ದ ತಮ್ಮಣ್ಣನಿಂದಲೂ ಅದೇ ದಿನ ಅದೇ ಪ್ರಶ್ನೆ, ನಡುವೆ ನಾಲ್ಕು ಬೈಗುಳ ಹೆಚ್ಚು. ಖಾನಾಪುರಕ್ಕೆ ಹೋಗಿ ಬಾಯಿ ಬಿಟ್ಟು ಮಾತಾಡಲು ಇದಕ್ಕಿಂತ ಒಳ್ಳೆಯ ಸಂದರ್ಭವಿರಲಿಲ್ಲ. ಆದರೆ ಗುರುಪುತ್ರಪ್ಪನವರು ಗ್ರಂಥಾಲಯಕ್ಕೆ ಹೋದರು. ಹೊಸದಾಗಿ ಬಂದಿದ್ದ ಕನ್ನಡ ಟೈಪ್‌ರೈಟರಿನ ಮುಂದೆ ಕೂತು, ಎರಡೂ ಕಡೆಗೆ ಒಂದೇ ಉತ್ತರ ಹೊಡೆದರು.

‘ಲಗ್ನಪತ್ರಿಕೆಯನ್ನು ಬರೆದವನನ್ನು ಹುಡುಕಬಾರದು. ಬರೆದವನು ತೀರಿಹೋಗಿದ್ದಾನೆ. ಇನ್ನು ಮುಂದಿನ ಭಾರವೆಲ್ಲ ಓದುವ ತಮ್ಮ ಮೇಲಿದೆ. ಇದಕ್ಕಾಗಿ ದುಃಖಿಸಬಾರದು, ಇದು ಸಂತೋಷದ ಸಂಗತಿ.’

ತತ್ವಕ್ಕೆ ಭಂಗ ಬರಬಾರದೆಂದು ಕೆಳಗೆ ಸಹಿ ಮಾಡಲಿಲ್ಲ. ಡಬ್ಬಿಗೆ ಹಾಕಿ ಬಂದು, ಲಗ್ನದ ತಯಾರಿಗೆಂದು ರಜೆ ತೆಗೆದುಕೊಂಡು, ಬಹಳ ದಿನದ ಮೇಲೆ ಎರಡು ರೊಟ್ಟಿ ಹೆಚ್ಚು ಉಂಡರು.

ಗುರುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಅವರು ಹಿತ್ತಲಿನ ಬಚ್ಚಲದಲ್ಲಿ ತಲೆಗೆ ಸಾಬೂನು ಹಚ್ಚಿಕೊಳ್ಳುತ್ತಿದ್ದಾಗ ಗಲ್ಲಿಯ ತುದಿಯಲ್ಲಿ ಒಂದು ಟೆಂಪೋ ನಿಂತಿತು. ಅದರಿಂದ ಖಾನಾಪುರದ ಇಪ್ಪತ್ತು ಮಂದಿ ಇಳಿದರು. ಮುಂದೆ ಸಿದ್ದಪ್ಪನವರು, ಪಕ್ಕದಲ್ಲಿ ಕಣ್ಣು ಕೆಂಪಾದ ನಾಗಲಿಂಗ. ತಮ್ಮಣ್ಣನೂ ದಾರಿಯಲ್ಲಿ ಕೂಡಿಕೊಂಡಿದ್ದರು. ಎಲ್ಲರಿಗಿಂತ ಮೊದಲು ಇಳಿದವರು ಸಿದ್ದಪ್ಪನವರ ಅಕ್ಕ ಅಕ್ಕವ್ವ. ಖಾನಾಪುರ ತಾಲೂಕಿನಲ್ಲಿ ಹಾಡ್ಯಾಡಿ ಅಳುವುದರಲ್ಲಿ ಅಕ್ಕವ್ವನವರನ್ನು ಮೀರಿಸಿದವರಿಲ್ಲ. ಅವರು ಬಂದು ಅಳುವವರೆಗೆ ಸತ್ತವನು ಸತ್ತಂತೆ ಅನಿಸುವುದಿಲ್ಲವೆಂದು ಜನ ಹೇಳುತ್ತಿದ್ದರು.

“ಎಂಥಾ ಹೂವಿನಂಥಾ ಮನಸಿತ್ತೋ ನನ ತಮ್ಮಾ… ಒಬ್ಬರಿಗೆ ಒಂದ ದಿನ ಇಲ್ಲ ಅನ್ನಲಿಲ್ಲೋ ನನ ತಮ್ಮಾ… ಅಷ್ಟ ಪುಸ್ತಕ ಓದಿ ಓದಿ ದಣದ್ಯೋ ನನ ತಮ್ಮಾ…”

ಶಿವಬಸವ್ವ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದರು. ಬಂದವರು ಏಕೆ ಬಂದರು ಎಂದು ಕೇಳುವಷ್ಟರಲ್ಲಿ ಅಕ್ಕವ್ವ ಅವರನ್ನು ಅಪ್ಪಿ ಹಿಡಿದು ಗೋಡೆಗೆ ಒತ್ತಿಬಿಟ್ಟರು.

“ಅಲ್ರೀ, ಏನಾಗೇತ್ರೀ? ಅವರು ಬಚ್ಚಲದಾಗ…” ಎಂದು ಶಿವಬಸವ್ವ ಏದುಸಿರು ಬಿಟ್ಟರು.

“ಬಚ್ಚಲದಾಗ!” ಎಂದು ಸಿದ್ದಪ್ಪನವರು ಹಣೆ ಬಡಿದುಕೊಂಡರು. “ಬಚ್ಚಲದಾಗ ಜಾರಿ ಬಿದ್ದಾರಂತ್ರೀ.”

ಬಾಗಿಲಲ್ಲಿದ್ದ ಸುದ್ದಿ ಗಲ್ಲಿಗಿಳಿಯುವ ಹೊತ್ತಿಗೆ ಬಚ್ಚಲದ ಕಲ್ಲು ತಲೆಗೆ ಬಡಿದಿತ್ತು, ಟೆಂಪೋದವರೆಗೆ ಹೋಗುವ ಹೊತ್ತಿಗೆ ಹಂಡೆಯೂ ಉರುಳಿತ್ತು. ಬಾಜು ಮನೆಯ ಕಾಶೀಬಾಯಿ ಓಡಿ ಬಂದು, “ಅಹೋ, ಈಗ ಅರ್ಧಾ ತಾಸಿನ ಮೊದಲ ನಾ ಅವರನ್ನ ನೋಡೀನಿ! ನಳದ ಮುಂದ ಹಲ್ಲುಜ್ಜಾಕ ಹತ್ತಿದ್ರು!” ಎಂದು ಕೂಗಿದರು. ಜನ ಒಬ್ಬರನ್ನೊಬ್ಬರು ನೋಡಿದರು. ತೀರಿಕೊಂಡು ಎರಡು ದಿನವಾದವರು ನಳದ ಮುಂದೆ ಹಲ್ಲುಜ್ಜುತ್ತಾರೆಂದರೆ ಲಗ್ನದ ಚಿಂತೆ ಅವರನ್ನು ಇನ್ನೂ ಬಿಟ್ಟಿಲ್ಲವೆಂದು ಅರ್ಥವೇ ಸರಿ.

ತಮ್ಮಣ್ಣನಿಗೆ ದುಃಖಕ್ಕಿಂತ ಅವಮಾನ ಹೆಚ್ಚಾಗಿತ್ತು. “ಹಿರೇ ಅಣ್ಣಗ ಹೇಳದs ಮಣ್ಣು ಮುಗಿಸಿದ್ರಿ! ಪತ್ರಿಕಿಯಾಗೂ ನನ್ನ ಹೆಸರಿಲ್ಲ, ಮಣ್ಣಿಗೂ ನಾ ಇಲ್ಲ!”

ಅಷ್ಟರಲ್ಲಿ ಕಾಲೇಜಿನ ಹೆಡ್ ಕ್ಲಾರ್ಕ್ ಹಾರ ಹಿಡಿದು ಬಂದರು. ತಮ್ಮಣ್ಣ ಹಿಂದಿನ ದಿನ ಕಾಲೇಜಿಗೆ ತಾರು ಹೊಡೆದಿದ್ದರು. ಕಾಲೇಜು ಅರ್ಧ ದಿನ ಬಿಟ್ಟು, ಶೋಕದ ಠರಾವು ಪಾಸು ಮಾಡಿ, ಅದರ ಒಂದು ಪ್ರತಿಯನ್ನು ಅವರ ಕೈಯಲ್ಲಿ ಕಳಿಸಿತ್ತು. ಹಾರ ಹಾಕಲು ಫೋಟೋ ಸಿಗದೆ ಅವರು ಅದನ್ನು ತಮ್ಮಣ್ಣನ ಕೈಗೆ ಕೊಟ್ಟು, ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದರು. ‘ಸದಾ ಕರ್ತವ್ಯದ ಕುರ್ಚಿಯನ್ನು ಬಿಡದ, ಮಂಜುಗಾಜಿನ ಆಚೆ ಅಲುಗಾಡದೆ ಕುಳಿತಿರುತ್ತಿದ್ದ…’

ಬಚ್ಚಲದಲ್ಲಿ ಗುರುಪುತ್ರಪ್ಪನವರು ಸಾಬೂನಿನ ಕಣ್ಣು ಮುಚ್ಚಿಕೊಂಡು ಇದೆಲ್ಲವನ್ನೂ ಕೇಳುತ್ತಿದ್ದರು. ಅಕ್ಕವ್ವನ ಹಾಡು ಕಿವಿಗೆ ಇಳಿಯಿತು, ಠರಾವು ಇಳಿಯಿತು, ಮನಸ್ಸು ತಂಪಾಯಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರ ಬಗ್ಗೆ ಯಾರೂ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಹೊರಗೆ ಹೋದರೆ ಎಲ್ಲ ನಿಂತುಹೋಗುತ್ತದಲ್ಲ ಎಂದು ಅವರು ತಂಬಿಗೆ ಹಿಡಿದುಕೊಂಡು ನಿಂತರು. ಆಗ ಸಿದ್ದಪ್ಪನವರ ದನಿ ಕೇಳಿತು.

“ಎಲ್ಲಾರೂ ಕೇಳ್ರಿ. ನಮ್ಮ ಬೀಗರು ಸಾಯೂಮುಂದ ಭಾರ ನನ್ನ ಮ್ಯಾಲ ಹಾಕಿ ಹೋಗ್ಯಾರ. ಕಾಲೇಜಿನವರ ಕಡಿಂದ ಟೈಪ್ ಮಾಡಿಸ್ಯಾರ, ಕಾರ್ಡು ಇಲ್ಲೇ ಐತಿ. ದುಃಖ ಮಾಡಬ್ಯಾಡ್ರಿ, ಇದು ಸಂತೋಷ ಅಂತ ಬರಸ್ಯಾರ. ಎಂಥಾ ಎದಿಗಾರ ಮನಷ್ಯಾ! ನಾವು ಬಸವಣ್ಣನ ಮಕ್ಕಳು, ನಮಗ ಸೂತಕ ಇಲ್ಲ. ಗೊತ್ತಾದ ದಿವಸಕ್ಕs ಲಗ್ನ ಆಗತೈತಿ. ಇನ್ನೊಂದು ಮಾತು. ಈ ಮನಿಗೆ ಇನ್ನ ದುಡಿಯಾವರು ಯಾರದಾರ? ಹುಡುಗಿ ನೌಕರಿ ಬಿಡೂದು ಬ್ಯಾಡ. ಮಾಡಲಿ. ಅವ್ವನ್ನ ನೋಡಿಕೊಳ್ಳಲಿ. ಇದು ಸಿದ್ದಪ್ಪನ ಮಾತು.”

ಗುರುಪುತ್ರಪ್ಪನವರು ಬಚ್ಚಲದಲ್ಲಿಯೇ ಒಂದು ಸಣ್ಣ ಹೆಜ್ಜೆ ಕುಣಿದರು. ಇಷ್ಟು ದಿನ ಗಂಟಲಲ್ಲಿ ಸಿಕ್ಕಿದ್ದ ಮಾತು, ತಾವು ಬಾಯಿ ತೆರೆಯದೆ, ಖಾನಾಪುರದ ಬಸ್ಸು ಹತ್ತದೆ, ಬರೀ ಸತ್ತಿದ್ದರಿಂದ ಬಗೆಹರಿಯಿತು! ಒಂದನೇ ಸಾಹೇಬನಿಗೆ ಅವರು ಮನಸ್ಸಿನಲ್ಲಿಯೇ ಕೈ ಮುಗಿದರು. ಲಗ್ನ ಮುಗಿಯುವವರೆಗೆ ಹೀಗೆಯೇ ಇದ್ದುಬಿಡಲು ಸಾಧ್ಯವೇ ಎಂದು ಕೂಡ ಯೋಚಿಸಿದರು.

ಆದರೆ ಅಕ್ಕವ್ವ ಅರ್ಧಮರ್ಧ ಅಳುವವರಲ್ಲ. “ನನ್ನ ತಮ್ಮ ಬಿದ್ದ ಜಾಗಾ ಒಂದು ತೋರಸ್ರಿ, ಅಲ್ಲಿ ಕುಂತು ಅತ್ತರ ನನಗ ಸಮಾಧಾನ” ಎಂದು ಹಿತ್ತಲಿಗೆ ನಡೆದರು. ಇಡೀ ಜನ ಹಿಂದೆ ಬಂತು. ಶಿವಬಸವ್ವ ತಡೆಯಲು ಹೋದಷ್ಟೂ ಅವರನ್ನು ನಾಲ್ಕು ಜನ ಸಮಾಧಾನಪಡಿಸಿ ಹಿಡಿದರು. ಅಕ್ಕವ್ವ ಬಚ್ಚಲದ ತಗಡಿನ ಬಾಗಿಲು ದೂಡಿದರು.

ಒಳಗೆ, ಸೊಂಟಕ್ಕೊಂದು ಪಂಜೆ, ತಲೆಯ ಮೇಲೆ ಬಿಳಿ ನೊರೆ, ಕೈಯಲ್ಲಿ ತಂಬಿಗೆ, ಮುಖದ ಮೇಲೆ ನಗು ಹೊತ್ತು ಗುರುಪುತ್ರಪ್ಪನವರು ನಿಂತಿದ್ದರು.

ಅಕ್ಕವ್ವನ ದನಿ ಆ ದಿನ ಮೊದಲ ಸಲ ರಾಗವಿಲ್ಲದೆ ಹೊರಬಂತು. ಹೆಡ್ ಕ್ಲಾರ್ಕ್ ತುಳಸಿಕಟ್ಟೆ ಹತ್ತಿದರು. ತಮ್ಮಣ್ಣ ಕೈಯಲ್ಲಿದ್ದ ಹಾರವನ್ನು ಯಾಕೋ ತಮ್ಮ ಕೊರಳಿಗೇ ಹಾಕಿಕೊಂಡರು. ಅಷ್ಟು ಗದ್ದಲದಲ್ಲಿ ಧೈರ್ಯಗೆಡದವನು ನಾಗಲಿಂಗನೊಬ್ಬನೇ. ಅವನು ಮುಂದೆ ಬಂದು ಮಾವನವರ ಮುಖ ನೋಡಿ ಕೇಳಿದ, “ಎಲ್ಲಿಗ್ರೀ?”

“ಎಲ್ಲಿಗೂ ಇಲ್ಲಪಾ. ಇಲ್ಲೇ ಅದೀನಿ” ಎಂದರು ಗುರುಪುತ್ರಪ್ಪನವರು.

ಆಮೇಲೆ ವಿವರಣೆ. ನೊರೆ ಒಣಗುತ್ತ ಬಂದ ತಲೆಯಲ್ಲಿ ಅವರು ಫ್ರಾನ್ಸಿನಿಂದ ಶುರುಮಾಡಿದರು. ಬರಹ, ಬರೆದವನು, ಓದುವವನು. ಕೇಳಿದವರಿಗೆ ತಿಳಿದದ್ದು ಇಷ್ಟೇ, ಫ್ರಾನ್ಸಿನಲ್ಲಿ ಯಾರೋ ಸತ್ತಿದ್ದಾರೆ, ಅದಕ್ಕಾಗಿ ಇವರು ಪತ್ರಿಕೆಯಲ್ಲಿ ಹೆಸರು ತೆಗೆಸಿದ್ದಾರೆ.

“ನಿಮ್ಮ ಬಳಗದವರೇನು?” ಎಂದು ಅಕ್ಕವ್ವ ಕನಿಕರದಿಂದ ಕೇಳಿದರು.

ಹೆಡ್ ಕ್ಲಾರ್ಕ್ ಕಟ್ಟೆಯಿಂದ ಇಳಿದು ಠರಾವನ್ನು ಮಡಚಿದರು. “ಗುರುಪುತ್ರಪ್ಪ, ಇದು ಪಾಸಾಗೇತಿ. ರದ್ದು ಮಾಡಾಕ ಮುಂದಿನ ಮೀಟಿಂಗ್ ಬೇಕು. ಅಲ್ಲೀತನಕ ನೀವು ರಜಾದಾಗs ಇರ್ರಿ, ರಿಕಾರ್ಡಿಗೆ ಛಲೋ ಕಾಣತೈತಿ.”

ಜನ ನಕ್ಕರು, ಸಿದ್ದಪ್ಪನವರು ಮಾತ್ರ ನಗಲಿಲ್ಲ. ನಿನ್ನೆಯಿಂದ ಅತ್ತು ಬಾತ ಅವರ ಮುಖ ನಿಧಾನಕ್ಕೆ ಸಿಟ್ಟಿಗೆ ತಿರುಗಿತು.

“ಹಂಗಾರ ನನ್ನ ಮಾತೂ ವಾಪಸ್. ಸತ್ತಾಂವಗ ಮರುಗಿ ಕೊಟ್ಟ ಮಾತು ಬದುಕಿದಾಂವಗ ಲಾಗೂ ಆಗೂದಿಲ್ಲ. ಹುಡುಗಿ ನೌಕರಿ ಬಿಡಬೇಕು.”

ಜನ ಎರಡು ಪಕ್ಷವಾಯಿತು. ಕೊಟ್ಟ ಮಾತು ಕೊಟ್ಟದ್ದೇ ಎಂದು ಗಲ್ಲಿಯವರು, ಮೋಸದಿಂದ ಪಡೆದದ್ದು ನಡೆಯದು ಎಂದು ಖಾನಾಪುರದವರು. ಹಿತ್ತಲಿನಲ್ಲಿ ಯಾರ ಮಾತು ಯಾರಿಗೂ ಕೇಳದಾಯಿತು. ಅದರ ನಡುವೆ ಕಾಂತಾ ಬಂದು ನಿಂತಿದ್ದಳು. ರಾತ್ರಿ ಪಾಳಿ ಮುಗಿಸಿ, ಬಿಳಿ ಸೀರೆಯಲ್ಲಿಯೇ ನಡೆದು ಬಂದವಳು, ಬಾಗಿಲಿನಿಂದ ಹಿತ್ತಲಿಗೆ ಬರುವಷ್ಟರಲ್ಲಿ ಕಾಶೀಬಾಯಿಯಿಂದ ಎಲ್ಲ ಕೇಳಿಕೊಂಡಿದ್ದಳು. ಅವಳು ಕೂಗಲಿಲ್ಲ. ತಂದೆಯ ಎದುರು ಬಂದು ಹೇಳಿದಳು:

“ಅಪ್ಪಾ, ಇವರೆಲ್ಲಾ ತಮಗ ತಿಳಿದಂಗ ಮಾತಾಡಾಕ ಹತ್ಯಾರ. ನೀ ಏನ್ ಅಂತಿ? ಇವತ್ತರ ಹೇಳು.”

ಗದ್ದಲ ನಿಂತಿತು. ಗುರುಪುತ್ರಪ್ಪನವರ ಕೈ ರೂಢಿಯಂತೆ ಕನ್ನಡಕಕ್ಕೆ ಹೋಯಿತು. ಕನ್ನಡಕ ಬಚ್ಚಲದ ಗೂಡಿನಲ್ಲಿತ್ತು. ಒರೆಸಲು ಏನೂ ಇರಲಿಲ್ಲ. ಎದುರಿಗೆ ಸಿದ್ದಪ್ಪನವರು ಬರೀ ಮಬ್ಬಾಗಿ ಕಾಣುತ್ತಿದ್ದರು, ಅದೂ ಒಂದು ಅನುಕೂಲವೇ ಆಯಿತು. ಒಂದನೇ ಸಾಹೇಬನೂ ಎರಡನೆಯವನೂ ಮೂರನೆಯವನೂ ಆ ಹೊತ್ತಿಗೆ ಅವರ ನೆನಪಿಗೆ ಬರಲಿಲ್ಲ. ನೆನಪಾದದ್ದು ಮಗಳು ಪರೀಕ್ಷೆಗೆ ಓದುತ್ತಿದ್ದಾಗ ನಿದ್ದೆ ಬಾರದಿರಲೆಂದು ತಣ್ಣೀರಲ್ಲಿ ಕಾಲಿಟ್ಟುಕೊಂಡು ಕೂಡುತ್ತಿದ್ದದ್ದು. ಅವರಿಗೆ ಅಳು ಬಂತು, ಅದರ ಹಿಂದೆಯೇ ಮಾತೂ ಬಂತು.

“ಬೀಗರ, ಆ ಪತ್ರಿಕಿ ಬರದಾಂವ ನಾನು. ಕಾರ್ಡು ಹೊಡದಾಂವನೂ ನಾನು, ಗುರುಪುತ್ರಪ್ಪ. ನಿಮ್ಮ ಮುಂದ ಬಂದು ಮಾತಾಡಾಕ ಅಂಜಿ ಇಷ್ಟೆಲ್ಲಾ ಮಾಡಿದೆ. ಈಗ ಹೇಳತೀನಿ. ನನ್ನ ಮಗಳು ನೌಕರಿ ಬಿಡೂದಿಲ್ಲ. ನಾ ಸತ್ರೂ ಬಿಡೂದಿಲ್ಲ, ಬದುಕಿದ್ರೂ ಬಿಡೂದಿಲ್ಲ. ನಿಮಗ ಒಪ್ಪಿಗಿ ಇದ್ರ ಲಗ್ನ. ಇಲ್ಲಾಂದ್ರ ಇಲ್ಲ.”

ಇಷ್ಟು ಉದ್ದದ ಮಾತನ್ನು ಅವರ ಬಾಯಿ ಎಂದೂ ಹೊತ್ತಿರಲಿಲ್ಲ. ಮಾತು ಮುಗಿದದ್ದೇ ತಡ, ಕಾಲು ಕುಸಿದು ಅಲ್ಲಿಯೇ ಬಚ್ಚಲದ ಕಲ್ಲಿಗೆ ಕುಕ್ಕರಿಸಿಬಿಟ್ಟರು. ಈಗ ಖರೇನೇ ಹೋದರೆಂದು ಅಕ್ಕವ್ವ ದೀರ್ಘವಾಗಿ ಉಸಿರು ಎಳೆದುಕೊಂಡರು.

“ಸುಮ್ಮ ಇರ್ರಿ!” ಎಂದಳು ಕಾಂತಾ. ದವಾಖಾನೆಯ ವಾರ್ಡಿನ ದನಿ ಅದು. ಅಕ್ಕವ್ವ ಎಳೆದ ಉಸಿರನ್ನು ಹಾಗೆಯೇ ಹಿಡಿದುಕೊಂಡರು. ಕಾಂತಾ ತಂದೆಯ ಪಕ್ಕ ಕೂತು, ಮಣಿಕಟ್ಟು ಹಿಡಿದು, ಕೈಗಡಿಯಾರ ನೋಡತೊಡಗಿದಳು. ಪೂರ್ತಿ ಒಂದು ನಿಮಿಷ ಹಿತ್ತಲಿನಲ್ಲಿ ನಲವತ್ತು ಜನ ಅಲುಗಾಡಲಿಲ್ಲ. ಸಿದ್ದಪ್ಪನವರು ಅವಳ ಮುಖವನ್ನೇ ನೋಡುತ್ತಿದ್ದರು. ಈ ಹುಡುಗಿ ಕೆಲಸ ಮಾಡುವುದನ್ನು ಅವರು ಕಂಡದ್ದು ಅದೇ ಮೊದಲು.

“ಎಂಬತ್ತೆಂಟು” ಎಂದಳು ಕಾಂತಾ. “ಏನೂ ಆಗಿಲ್ಲ. ಅಂಜಿಕಿ. ಅವ್ವಾ, ಒಂದಿಷ್ಟು ಸಕ್ರಿ ನೀರು ಕೊಡು.”

ಶಿವಬಸವ್ವ ಒಳಗೆ ಓಡಿದರು. ಜನ ಉಸಿರು ಬಿಟ್ಟಿತು, ಅಕ್ಕವ್ವನವರೂ ಬಿಟ್ಟರು. ಸಿದ್ದಪ್ಪನವರು ಧೋತರ ಎತ್ತಿಕೊಂಡು ಕಾಂತಾಳ ಎದುರಿಗೆ ಬಂದು, ಬೀಗರ ಪಕ್ಕ ಅದೇ ಒದ್ದೆ ಕಲ್ಲಿನ ಮೇಲೆ ಕೂತು, ಅಂಗಿಯ ತೋಳು ಮೇಲೇರಿಸಿ ತಮ್ಮ ಕೈ ಮುಂದೆ ಚಾಚಿದರು.

“ನಂದೂ ಒಂದಿಷ್ಟು ನೋಡವಾ. ನಿನ್ನಿಯಿಂದ ಅತ್ತು ಅತ್ತು ಎದಿ ಹೊಡಕೊಳ್ಳಾಕ ಹತ್ತೇತಿ.”

ಕಾಂತಾ ಅವರ ಮಣಿಕಟ್ಟಿಗೆ ಬೆರಳಿಟ್ಟಳು. “ಮುಷ್ಟಿ ಬಿಗಿ ಹಿಡದೀರಿ ಮಾವ. ಸಡಲ ಬಿಡ್ರಿ.”

ಸಿದ್ದಪ್ಪನವರು ಸಡಿಲು ಬಿಟ್ಟರು.